ಗಾಡಿ ರೆಡಿ ಆಗಲಿ

೨೦೨೫ನೇ ಇಸವಿಯ ನವೆಂಬರ್ ಹದಿನಾರು, ಭಾನುವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಶಂಕರಲಿಂಗ ಬಸವಕಲ್ಯಾಣದ ತನ್ನ ಮನೆಯ ಮುಂದೆ ಕಾರಿನಲ್ಲಿ ಕೂತು, ಇಂಜಿನ್ ಚಾಲೂ ಮಾಡದೆ, ಇವತ್ತು ತೀರ್ಮಾನ ಮಾಡಿಯೇ ಬಿಡಬೇಕು ಎಂದುಕೊಂಡ. ತೊಂಬತ್ತೇಳರ ಮಾಡೆಲ್ಲಿನ ಈ ಬಿಳಿ ಸಣ್ಣ ಕಾರಿಗೆ ಇರುವ ಕಾರ್ಬುರೇಟರನ್ನೇ ಸರಿಪಡಿಸಿ ಉಳಿಸಿಕೊಳ್ಳುವುದೋ, ಅಥವಾ ಅದನ್ನು ಕಿತ್ತು ಫ್ಯೂಯೆಲ್ ಇಂಜೆಕ್ಷನ್ ಕೂಡಿಸುವುದೋ, ಇಷ್ಟೇ ಪ್ರಶ್ನೆ. ಇದಕ್ಕೆ ಉತ್ತರ ಸಿಕ್ಕ ದಿನ ರಾಜೇಶ್ವರಕ್ಕೆ ಹೋಗಿ, ನಾಗರಪಂಚಮಿಗೆಂದು ತವರಿಗೆ ಹೋದ ಹೆಂಡತಿ ಜಯಮಾಲಾಳನ್ನು ಕರೆದು ತರುವುದೆಂದು ಅವನು ತನಗೆ ತಾನೇ ಗೊತ್ತುಮಾಡಿಕೊಂಡಿದ್ದ. ಪಂಚಮಿ ಮುಗಿದು, ಗಣೇಶ ಹೋಗಿ, ದಸರಾ ಹೋಗಿ, ದೀಪಾವಳಿಯ ಹಣತೆಗಳನ್ನು ಎದುರುಮನೆಯವರು ತೊಳೆದು ಮೇಲಿಟ್ಟಾಗಿತ್ತು. ತವರಿಗೆ ಹೋದ ಮಗಳನ್ನು ಗಂಡನ ಮನೆಯವರು ಬಂದು ಕರೆಯಬೇಕು. ಕರೆಯದೆ ಅವಳು ತಾನಾಗಿ ಪೆಟ್ಟಿಗೆ ಹಿಡಿದುಕೊಂಡು ಬರುವಂತಿಲ್ಲ. ಇದು ಅವನಿಗೆ ಗೊತ್ತಿರದ ಸಂಗತಿಯೇನೂ ಆಗಿರಲಿಲ್ಲ. ಅವನ ಮನೆಯಲ್ಲಿ ಗಂಡನ ಮನೆಯವರೆಂದರೆ ಅವನೊಬ್ಬನೇ.

ರಸಾಯನಶಾಸ್ತ್ರ ಪಾಠ ಮಾಡುವವನಿಗೆ ಕಾರಿನ ಪ್ರಶ್ನೆ ಇಷ್ಟು ಕಷ್ಟದ್ದಾಗಬಾರದಿತ್ತು. ಒಂದು ಪಾಲು ಪೆಟ್ರೋಲು ಪೂರ್ತಿ ಉರಿಯಲು ಹತ್ತಿರ ಹತ್ತಿರ ಹದಿನೈದು ಪಾಲು ಗಾಳಿ ಬೇಕು. ಕಾರ್ಬುರೇಟರ್ ಈ ಲೆಕ್ಕವನ್ನು ಒಂದು ಸಣ್ಣ ತೂತಿನಿಂದ, ಇಂಜಿನ್ ಎಳೆದ ಉಸಿರಿನ ಸೆಳೆತಕ್ಕೆ ತಕ್ಕಂತೆ, ಅಂದಾಜಿನಲ್ಲಿ ಮಾಡುತ್ತದೆ. ತಾನು ಕೊಟ್ಟದ್ದು ಒಳಗೆ ಹೋಗಿ ಏನಾಯಿತು ಎಂಬುದು ಅದಕ್ಕೆ ಯಾವತ್ತೂ ತಿಳಿಯುವುದಿಲ್ಲ. ಇಂಜೆಕ್ಷನ್ ಹಾಗಲ್ಲ. ಹೊಗೆ ಹೋಗುವ ಕೊಳವೆಯಲ್ಲಿ ಒಂದು ಸೆನ್ಸರ್ ಕೂತಿರುತ್ತದೆ, ಹೊರಬಿದ್ದದ್ದನ್ನು ಮೂಸಿ ನೋಡುತ್ತದೆ, ಹೆಚ್ಚಾಗಿದ್ದರೆ ಮುಂದಿನ ತೊಟ್ಟನ್ನು ಕಡಿಮೆ ಮಾಡುತ್ತದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಐದರಲ್ಲೊಂದು ಪಾಲು ಎಥೆನಾಲ್ ಬೇರೆ. ಹಳೆಯ ರಬ್ಬರು ಅದಕ್ಕೆ ಮೆತ್ತಗಾಗುತ್ತದೆ, ಹಳೆಯ ಅಂದಾಜು ತಪ್ಪುತ್ತದೆ. ಹಾಗಿದ್ದರೆ ಇಂಜೆಕ್ಷನ್ನೇ ಸರಿ. ಆದರೆ ಇಪ್ಪತ್ತೆಂಟು ವರ್ಷದ ಇಂಜಿನ್ನಿಗೆ ಬೇರೊಂದು ಕಾರಿನ ತಲೆಯನ್ನು ತಂದು ಕೂಡಿಸಿದರೆ, ದಾರಿಯಲ್ಲಿ ಒಂದು ತಂತಿ ಕಳಚಿದರೂ ಗಾಡಿ ಕಲ್ಲಾಗಿ ನಿಲ್ಲುತ್ತದೆ. ಕಾರ್ಬುರೇಟರಾದರೆ ಯಾರಾದರೂ ಬಿಚ್ಚಿ ಊದಿ ಕೂಡಿಸುತ್ತಾರೆ. ಹಾಗಿದ್ದರೆ ಕಾರ್ಬುರೇಟರೇ ಸರಿ. ಈ ಎರಡು ವಾಕ್ಯಗಳ ನಡುವೆ ಅವನು ಓಡಾಡುತ್ತಿದ್ದಾಗ ಮಳೆಗಾಲ ಕಳೆದುಹೋಗಿತ್ತು.

ಸ್ಟಿಯರಿಂಗಿನ ಎಡಕ್ಕೆ, ಡ್ಯಾಶ್‌ಬೋರ್ಡಿನ ಕೆಳಗೆ ಇರುವ ಚೋಕ್ ಗುಂಡಿಯನ್ನು ಎಳೆದ. ತಣ್ಣಗಿರುವ ಇಂಜಿನ್ನಿಗೆ ಗಾಳಿ ಕಡಿಮೆ ಮಾಡಿ ಪೆಟ್ರೋಲು ಹೆಚ್ಚು ಕುಡಿಸುವ ಗುಂಡಿ ಅದು. ಇಂಜಿನ್ ಹತ್ತಿತು, ಸ್ವಲ್ಪ ಹೊತ್ತಿಗೆ ಬೆಚ್ಚಗಾಯಿತು. ಗುಂಡಿಯನ್ನು ಒಳಗೆ ಒತ್ತಿ ಹೊರಟ. ಪಕ್ಕದ ಸೀಟಿನಲ್ಲಿ ಬಿಸಿಲು ಬಿದ್ದಿತ್ತು.

ಹೆದ್ದಾರಿಗೆ ಬಿದ್ದ ಮೇಲೆ ರಸ್ತೆಯ ಎರಡೂ ಕಡೆ ತೊಗರಿ ಹಳದಿಯಾಗಿ ನಿಂತಿತ್ತು. ಹುಮನಾಬಾದಿಗೆ ಹೋಗುವಾಗ ರಾಜೇಶ್ವರ ದಾರಿಯಲ್ಲೇ ಸಿಗುತ್ತದೆ. ಈ ಮೂರೂವರೆ ತಿಂಗಳಲ್ಲಿ ಅವನು ಹುಮನಾಬಾದಿನ ಮೆಕ್ಯಾನಿಕ್ ಗಯಾಸುದ್ದೀನನ ಗ್ಯಾರೇಜಿಗೆಂದು ಎಷ್ಟೋ ಸಲ ಆ ಊರನ್ನು ಹಾದು ಹೋಗಿದ್ದ, ಹಾದು ಬಂದಿದ್ದ. ಪ್ರತಿ ಸಲವೂ ಊರಿನ ಕ್ರಾಸ್ ಬಂದಾಗ ಎದುರಿನ ಲಾರಿಯ ಹಿಂಭಾಗವನ್ನು ಅತಿಯಾದ ಗಮನದಿಂದ ನೋಡುತ್ತಿದ್ದ. ಇವತ್ತೂ ಹಾಗೆಯೇ ನೋಡಿದ. ಹೋದ ವರ್ಷ ಇದೇ ಕ್ರಾಸಿನಲ್ಲಿ, ಭಾವಮೈದುನ ಬಕ್ಕಪ್ಪನ ಮನೆಯ ಸೀಮಂತಕ್ಕೆಂದು ಇಬ್ಬರೂ ಹೊರಟಾಗ, ಗಾಡಿ ಕೆಮ್ಮಿ ಕೆಮ್ಮಿ ಕಪ್ಪು ಹೊಗೆ ಉಗುಳಿ ನಿಂತುಬಿಟ್ಟಿತ್ತು. ಚಹಾದಂಗಡಿಯಲ್ಲಿ ಕೂತಿದ್ದವರೆಲ್ಲ ಎದ್ದು ಬಂದು ನೂಕಿದರು. ಜಯಮಾಲಾ ಕೆಳಗಿಳಿದು, ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತಾನೂ ಒಂದು ಕೈ ಹಚ್ಚಿದಳು. ತನ್ನ ಊರಿನವರ ಮುಂದೆ ತನ್ನ ಗಂಡನ ಗಾಡಿಗೆ. ಅವನು ಒಳಗೆ ಕೂತು ಸ್ಟಿಯರಿಂಗ್ ಹಿಡಿದಿದ್ದ. ಹಿಂದಿನಿಂದ ಯಾರೋ, ಮಾಸ್ತರ್ ಗಾಡಿ ಪಾಸಾಗಂಗಿಲ್ಲ, ಗ್ರೇಸ್ ಮಾರ್ಕ್ಸ್ ಕೊಡಬೇಕು ಅಂದರು. ನಗು ಬಿತ್ತು. ಬಕ್ಕಪ್ಪನ ಮನೆಯ ಮುಂದೆ ಗಾಡಿ ನಿಂತಾಗ ಅವನು ಹೆಂಡತಿಗೆ ಮಾತ್ರ ಕೇಳುವಂತೆ, ನಿಮ್ಮೂರಿಗೆ ಬಂದಾಗಷ್ಟೇ ಇದು ಹಿಂಗ ಮಾಡ್ತದ, ಅಂದಿದ್ದ. ಅವಳು ಕೈಗೆ ಹತ್ತಿದ ಧೂಳನ್ನು ಒರೆಸಿಕೊಳ್ಳುತ್ತ ಗಾಡಿಯ ಹಿಂಭಾಗವನ್ನೇ ನೋಡುತ್ತಿದ್ದಳು.

ಪಂಚಮಿಗೆ ಬಕ್ಕಪ್ಪ ಮೋಟಾರ್‌ಸೈಕಲ್ ಮೇಲೆ ಬಂದು ಅಕ್ಕನನ್ನು ಕರೆದೊಯ್ದ. ಹಬ್ಬ ಮುಗಿದ ಮೇಲೆ ಅವಳೇ ಫೋನ್ ಮಾಡಿ, ಯಾವಾಗ ಬರ್ತೀರಿ ಎಂದು ಕೇಳಿದಳು. ಗಾಡಿ ರೆಡಿ ಆಗ್ಲಿ, ಅಂದ ಅವನು. ಮತ್ತೊಮ್ಮೆ ಕೇಳಿದಳು. ಗಾಡಿ ರೆಡಿ ಆಗ್ಲಿ. ಅವಳ ಊರಿನ ಕ್ರಾಸಿನಲ್ಲಿ ಇನ್ನೊಮ್ಮೆ ನಿಲ್ಲಬಾರದು, ಅವಳು ಇನ್ನೊಮ್ಮೆ ನೂಕಬಾರದು, ಹೋದರೆ ಒಂದೇ ಸಲಕ್ಕೆ ಚಾಲೂ ಆಗಿ ಎಲ್ಲರ ಮುಂದೆ ಸದ್ದಿಲ್ಲದೆ ಹೊರಡುವ ಗಾಡಿಯಲ್ಲಿ ಅವಳನ್ನು ಕೂರಿಸಿಕೊಂಡು ಬರಬೇಕು. ಅವನ ಮನಸ್ಸಿನಲ್ಲಿದ್ದದ್ದು ಇದು. ಇದನ್ನು ಅವನು ಅವಳಿಗೆ ಹೇಳಲಿಲ್ಲ. ಹೇಳದೆಯೂ ತಿಳಿಯುತ್ತದೆ ಎಂದುಕೊಂಡ. ದಸರಾ ಹೊತ್ತಿಗೆ ಅವಳು ಕೇಳುವುದನ್ನು ನಿಲ್ಲಿಸಿದಳು. ಮಾತಾಡುತ್ತಿದ್ದಳು, ಊಟದ ಬಗ್ಗೆ ವಿಚಾರಿಸುತ್ತಿದ್ದಳು, ನಲ್ಲಿ ನೀರು ಬಂತೇ ಎನ್ನುತ್ತಿದ್ದಳು, ಆದರೆ ಆ ಒಂದು ಪ್ರಶ್ನೆ ಬರುತ್ತಿರಲಿಲ್ಲ. ಅದು ಬರದಿದ್ದಾಗ ಅವನಿಗೆ ಹಗುರವೆನ್ನಿಸಿತ್ತು. ಆ ಹಗುರದ ನೆನಪು ಈಗ ಸ್ಟಿಯರಿಂಗ್ ಹಿಡಿದ ಬೆರಳುಗಳಿಗೆ ಚಳಿಯಂತೆ ಹತ್ತಿತು. ಲಾರಿಯನ್ನು ಹಿಂದೆ ಹಾಕಿದ. ಗಾಡಿ ಎಲ್ಲೂ ಕೆಮ್ಮಲಿಲ್ಲ.

ಗಯಾಸುದ್ದೀನ್ ಗೋಣಿತಟ್ಟು ಹಾಸಿ ಅದರ ಮೇಲೆ ಸಾಮಾನನ್ನೆಲ್ಲ ಒಪ್ಪವಾಗಿ ಹರಡಿಕೊಂಡಿದ್ದ. ಗುಜರಿಗೆ ಬಿದ್ದ ಅದೇ ಕಂಪನಿಯ ಹೊಸ ಮಾಡೆಲ್ಲಿನಿಂದ ಬಿಚ್ಚಿದ್ದು. ಗಾಳಿಯ ದ್ವಾರ, ನಾಲ್ಕು ಕಡೆ ಕವಲೊಡೆದ ತಂತಿಯ ಕಟ್ಟು, ಟ್ಯಾಂಕಿನೊಳಗೆ ಮುಳುಗಿಸುವ ಪಂಪು. ಕಾರಿನ ಮಿದುಳಾದ ಪುಟ್ಟ ಕಂಪ್ಯೂಟರನ್ನು ಮಾತ್ರ ಎಣ್ಣೆ ತಾಗದಿರಲೆಂದು ಒಂದು ಪ್ಲಾಸ್ಟಿಕ್ ಕೈಚೀಲದಲ್ಲಿ ಬೇರೆ ಇಟ್ಟಿದ್ದ, ಅದರ ಜೊತೆಗೆ ಒಂದಿಷ್ಟು ಕಬ್ಬಿಣದ ಬ್ರಾಕೆಟ್ಟುಗಳನ್ನೂ. ಮದುವೆಯ ಮುಹೂರ್ತ ಗೊತ್ತಾದವನಂತೆ ಹುರುಪಿನಲ್ಲಿದ್ದ. ಪ್ಲಗ್ ಬಿಚ್ಚಿ ಶಂಕರಲಿಂಗನ ಕೈಗೆ ಕೊಟ್ಟ. ಯಾವಾಗಲೂ ಮಸಿ ಮೆತ್ತಿಕೊಂಡಿರುತ್ತಿದ್ದ ಪ್ಲಗ್ಗಿನ ಮೂತಿ ಈಗ ಬಿಸ್ಕತ್ತಿನ ಬಣ್ಣಕ್ಕೆ ತಿರುಗಿತ್ತು. ಚೊಲೊ ಉರಿಯಾಕತ್ತದ, ಆದ್ರ ಇದರ ಮ್ಯಾಲ ಭರೋಸಾ ಇಡಬ್ಯಾಡ್ರಿ, ಎಂದ ಗಯಾಸುದ್ದೀನ್. ಗ್ಯಾರೇಜಿಗೆ ಬಂದಾಗ ನಿಮ್ಮ ಗಾಡಿ ಯಾವತ್ತೂ ಸೊಸಿ ಹಂಗ ತಲಿ ತಗ್ಗಿಸಿ ನಿಂದರತದ ಸಾಬ್, ಹೊರಗ ಹೋದಮ್ಯಾಲ ಅದರ ಆಟ. ಪ್ಲಗ್ಗನ್ನು ಮತ್ತೆ ಬಿಗಿದು, ಕೊನೆಯ ಸಲ ಸದ್ದು ಕೇಳೋಣವೆಂದು ಇಂಜಿನ್ ಚಾಲೂ ಮಾಡಿ, ಕೈಯಲ್ಲಿದ್ದ ಆ ಕಂಪ್ಯೂಟರಿನ ಚೀಲವನ್ನು ಎಲ್ಲಿಡುವುದೆಂದು ಒಂದು ಕ್ಷಣ ನೋಡಿ, ಡ್ಯಾಶ್‌ಬೋರ್ಡಿನ ಕೆಳಗಿನ ಗುಂಡಿಗೆ ತಗಲಿಹಾಕಿ ಬಾನೆಟ್ಟಿನ ಕಡೆಗೆ ಬಂದ.

ಅವನು ಇಂಜಿನ್ನಿನ ಮೇಲೆ ಬಾಗಿ ಮಾತಾಡುತ್ತಲೇ ಇದ್ದ. ತೆರೆದ ಬಾಗಿಲ ಪಕ್ಕದಲ್ಲಿ ನಿಂತ ಶಂಕರಲಿಂಗ ಚೀಲವನ್ನು ನೋಡುತ್ತಿದ್ದ. ಇಂಜಿನ್ ನಡುಗಿದಂತೆಲ್ಲ ಚೀಲ ನಡುಗುತ್ತಿತ್ತು. ಚೀಲ ನಡುಗಿದಂತೆಲ್ಲ ಚೋಕ್ ಗುಂಡಿ ಕೂದಲೆಳೆ ಕೂದಲೆಳೆಯಾಗಿ ಹೊರಗೆ ಬರುತ್ತಿತ್ತು. ಇಂಜಿನ್ನಿನ ಸದ್ದು ದಪ್ಪವಾಯಿತು, ಕುಂಟಿತು, ಹಿಂದಿನಿಂದ ಕಪ್ಪು ಹೊಗೆ ಬಂತು, ಹಸಿ ಪೆಟ್ರೋಲಿನ ವಾಸನೆ ಬಂತು.

"ನೋಡ್ರಿ ಸಾಬ್, ಶುರು ಆತು," ಎಂದ ಗಯಾಸುದ್ದೀನ್, ತನ್ನ ಮಾತು ನಿಜವಾದ ಖುಷಿಯಲ್ಲಿ. "ಮುದುಕಂದು ಖೇಲ್ ಖತಂ. ಬಿಚ್ಚಿ ಒಗದು ಬಿಡೂಣು."

ಶಂಕರಲಿಂಗ ಚೀಲ ತೆಗೆದು ಗುಂಡಿಯನ್ನು ಒಳಗೆ ಒತ್ತಿದ. ಸದ್ದು ತಿಳಿಯಾಯಿತು. ಮತ್ತೆ ತಗಲಿಹಾಕಿದ. ಕಾದ. ಕುಂಟಿತು. ತೆಗೆದ. ತಿಳಿಯಾಯಿತು. ಪ್ರಯೋಗಶಾಲೆಯಲ್ಲಿ ಬಣ್ಣ ತಿರುಗುವ ತೊಟ್ಟನ್ನು ಹಿಡಿದು ತೋರಿಸುವಾಗಿನ ಉಸಿರುಗಟ್ಟಿದ ಆನಂದ ಅವನ ಎದೆಯಲ್ಲಿ ಎದ್ದಿತು. ಕಣ್ಣ ಮುಂದೆ ಬಂದದ್ದು ಜಯಮಾಲಾಳ ಕಂದು ಬಣ್ಣದ ಬ್ಯಾಗು. ಕಾಲೇಜಿಗೆ ಅವನು ನಡೆದೇ ಹೋಗುವವನು. ಗ್ಯಾರೇಜು ಬಿಟ್ಟರೆ ಕಾರು ಹೊರಗೆ ಬರುತ್ತಿದ್ದದ್ದು ಇಬ್ಬರೂ ಹೊರಟಾಗ ಮಾತ್ರ. ಇಬ್ಬರೂ ಹೊರಟಾಗ ಅವಳು ಕೂತೊಡನೆ ಆ ಬ್ಯಾಗು ಆ ಗುಂಡಿಗೆ ಹೋಗುತ್ತಿತ್ತು. ಗಾಡಿ ಕೆಮ್ಮಿ ನಿಂತೊಡನೆ ಅವಳು ಗಾಬರಿಯಾಗಿ ಬ್ಯಾಗು ತೆಗೆದು ಎದೆಗೆ ಅವಚಿಕೊಳ್ಳುತ್ತಿದ್ದಳು, ಸಾಕ್ಷಿ ಅಲ್ಲಿಗೆ ಅಳಿಸಿಹೋಗುತ್ತಿತ್ತು. ಇವನು ಗಾಡಿ ಮತ್ತೆ ಹತ್ತಲೆಂದು ಆ ಗುಂಡಿಯನ್ನು ಇನ್ನಷ್ಟು ಎಳೆದು, ಪೆಟ್ರೋಲಿನಲ್ಲಿ ತೊಯ್ದ ಪ್ಲಗ್ಗನ್ನು ಪೂರ್ತಿ ಮುಳುಗಿಸುತ್ತಿದ್ದ. ಇಪ್ಪತ್ತು ವರ್ಷ. ಎಷ್ಟು ಮೆಕ್ಯಾನಿಕರು, ಎಷ್ಟು ಸಲ ಕಾರ್ಬುರೇಟರ್ ಬಿಚ್ಚಿ ತೊಳೆದದ್ದು, ಎಷ್ಟು ಮದುವೆಗಳಿಗೆ ಅಕ್ಷತೆ ಬಿದ್ದ ಮೇಲೆ ತಲುಪಿದ್ದು. ಮೂರೂವರೆ ತಿಂಗಳಿಂದ ಗಾಡಿ ಒಮ್ಮೆಯೂ ನಿಂತಿರಲಿಲ್ಲ. ಅದಕ್ಕೆ ಅವನು ಮಳೆಯ ತಂಪು ಕಾರಣವೆಂದುಕೊಂಡಿದ್ದ, ಗಯಾಸುದ್ದೀನನ ಕೈಗುಣವೆಂದುಕೊಂಡಿದ್ದ, ಒಮ್ಮೆ ಎಥೆನಾಲನ್ನೂ ಹೊಗಳಿದ್ದ. ಅವಳು ಗಾಡಿಯಲ್ಲಿಲ್ಲ ಎಂಬ ಒಂದು ಬದಲಾವಣೆಯನ್ನು ಅವನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಇಂಜೆಕ್ಷನ್ ಬೇಡ ಎಂದು ಹೇಳಿದ. ಗಯಾಸುದ್ದೀನನ ಮುಖ ಇಳಿಯಿತು. ಸಾಮಾನು ಕೂಡಿಸಲು ಪಟ್ಟ ಪಾಡನ್ನೆಲ್ಲ ಹೇಳಿ, ಅಮ್ಮಾರ್ನ ಕೇಳಿಕೊಂಡು ಬಂದಿದ್ರ ಮುಂಜಾನೀನ ಮುಗೀತಿತ್ತಲ್ರಿ ಎಂದು ಚುಚ್ಚಿದ. ಶಂಕರಲಿಂಗನಿಗೆ ಅದು ಚುಚ್ಚಿದಂತೆಯೂ ಅನ್ನಿಸಲಿಲ್ಲ. ಅಮ್ಮಾರ್ ಕಡೀನ ಹೊಂಟೀನಿ ಎಂದು ನಕ್ಕ. ಹೀಗೆ ನಕ್ಕು ಬಹಳ ದಿನವಾಗಿತ್ತು.

ರಾಜೇಶ್ವರದ ತನಕ ಅವನು ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡ, ಪಾಠಕ್ಕೆ ಮುಂಚೆ ಜೋಡಿಸಿಕೊಳ್ಳುವಂತೆ. ಅವಳು ನಗುತ್ತಾಳೆ. ಬಾಯಿಗೆ ಸೆರಗು ಹಿಡಿದು, ಅಯ್ಯ ನಮ್ಮವ್ವ, ನನ್ನ ಬ್ಯಾಗೇನ್ರಿ, ಎನ್ನುತ್ತಾಳೆ. ಬಕ್ಕಪ್ಪ ನಗುತ್ತಾನೆ. ಕ್ರಾಸಿನ ಚಹಾದಂಗಡಿಯವರೆಗೂ ಸುದ್ದಿ ಹೋಗುತ್ತದೆ, ಮಾಸ್ತರ ಗಾಡಿಯಲ್ಲಿ ತಪ್ಪಿರಲಿಲ್ಲವಂತೆ. ಈ ಸಲ ಕ್ರಾಸಿನಲ್ಲಿ ಅವನು ಯಾವ ಲಾರಿಯ ಹಿಂಭಾಗವನ್ನೂ ನೋಡಲಿಲ್ಲ. ಬಕ್ಕಪ್ಪನ ಮನೆಯ ಮುಂದೆ ಗಾಡಿ ಮೆತ್ತಗೆ ನಿಂತಿತು. ಇಂಜಿನ್ ಆರಿಸುವ ಮುಂಚೆ ಒಂದು ಕ್ಷಣ ಆ ಸಮವಾದ ಸದ್ದನ್ನು ಎಲ್ಲರೂ ಕೇಳಲೆಂದು ಬಿಟ್ಟ.

ಪಡಸಾಲೆಯಲ್ಲಿ ಸೋಯಾಬೀನಿನ ಚೀಲಗಳಿಗೆ ಒರಗಿ ಕೂತಿದ್ದ ಬಕ್ಕಪ್ಪ ಎದ್ದು, ಬರ್ರಿ ಮಾವಾರ, ಎಂದು ನೀರು ಕೊಟ್ಟ. ಎಷ್ಟು ದಿನವಾಯಿತು ಎಂದು ಆತ ಕೇಳಲಿಲ್ಲ; ಕೇಳದಿರುವುದಕ್ಕೆ ಅವನು ಪಟ್ಟ ಶ್ರಮ ಮುಖದಲ್ಲಿ ಕಾಣುತ್ತಿತ್ತು. ಅವನ ಹೆಂಡತಿ ವಿದ್ಯಾವತಿ ಬಾಗಿಲಲ್ಲಿ ಇಣುಕಿ, ಕಾರನ್ನು ನೋಡಿ, ಒಳಗೆ ಓಡಿದಳು. ಒಳಗೆ ಟ್ರಂಕಿನ ಮುಚ್ಚಳ ತೆರೆದ ಸದ್ದು, ಅಕ್ಕಿಯ ಡಬ್ಬಿಯ ಸದ್ದು. ಗಂಡನ ಮನೆಗೆ ಹೊರಡುವ ಮಗಳಿಗೆ ಉಡಿ ತುಂಬುವ ತಟ್ಟೆ ಸಿದ್ಧವಾಗುತ್ತಿತ್ತು: ಅಕ್ಕಿ, ಕೊಬ್ಬರಿ ಬಟ್ಟಲು, ಅಡಿಕೆ, ಅರಿಷಿಣ ಕೊಂಬು, ಹಸಿರು ಕುಪ್ಪಸದ ಕಣ. ಶಂಕರಲಿಂಗ ಅದನ್ನೆಲ್ಲ ಕೇಳಿಸಿಕೊಂಡ. ಕೇಳಿಸಿಕೊಂಡದ್ದು ಅವನ ಮನಸ್ಸಿಗೆ ತಲುಪಲಿಲ್ಲ. ಅಲ್ಲಿ ಬೇರೆ ಮಾತು ಬಾಯಿತುದಿಗೆ ಬಂದು ಕಾಯುತ್ತಿತ್ತು. ಜಯಮಾಲಾ ಹೊರಗೆ ಬರಲು ತುಸು ಹೊತ್ತು ಹಿಡಿಯಿತು. ಮುಖ ತೊಳೆದು, ಹೊಸದಾಗಿ ವಿಭೂತಿ ಹಚ್ಚಿಕೊಂಡು, ಮನೆಯಲ್ಲಿ ಉಟ್ಟದ್ದನ್ನು ಬಿಟ್ಟು ಬೇರೆ ಸೀರೆ ಉಟ್ಟು ಬಂದಿದ್ದಳು. ಸೀರೆಯ ಮಡಿಕೆಯ ಗೆರೆಗಳು ಇನ್ನೂ ಎದ್ದು ಕಾಣುತ್ತಿದ್ದವು. ಭುಜಕ್ಕೆ ಆ ಕಂದು ಬ್ಯಾಗು ಇತ್ತು.

ಬ್ಯಾಗನ್ನು ನೋಡಿದ್ದೇ ಅವನಿಗೆ ತಡೆಯಲಾಗಲಿಲ್ಲ.

"ಜಯಾ, ಕಾರಣ ಸಿಕ್ತು," ಎಂದ, ನಗುತ್ತ. "ಕಾರ್ಬುರೇಟರ್‌ದೇನೂ ತಪ್ಪಿಲ್ಲ. ನಿನ್ನ ಬ್ಯಾಗು. ಇದನ್ನ ನೀ ಚೋಕಿಗೆ ಹಾಕ್ತಿದ್ದೆಲ್ಲಾ, ಅದಕ್ಕ ಗಾಡಿ ನಿಂದರತಿತ್ತು. ಇಷ್ಟ ದಿನ ನೀ ಇರಲಿಲ್ಲ, ನೋಡು, ಒಮ್ಮೀನೂ ನಿಂತಿಲ್ಲ."

ಬಕ್ಕಪ್ಪ ನಗಲಿಲ್ಲ. ತಟ್ಟೆ ಹಿಡಿದು ಬಂದಿದ್ದ ವಿದ್ಯಾವತಿ ಹೊಸ್ತಿಲಿನ ಒಳಗೇ ನಿಂತಳು. ಜಯಮಾಲಾ ಅವನ ಮುಖವನ್ನು ನೋಡಿದಳು, ಬಹಳ ಹಿಂದೆ ಎಲ್ಲೋ ನೋಡಿದ ಮುಖವೊಂದರ ಗುರುತು ಹಿಡಿಯುತ್ತಿರುವವಳಂತೆ.

"ಕರೆಯಾಕ ಬಂದೀರೋ, ಇದನ್ನ ಹೇಳಾಕ ಬಂದೀರೋ?"

ಕರೆಯಾಕ ಬಂದೀನಿ. ಎರಡೇ ಶಬ್ದ. ಅವು ಅವನೊಳಗೆ ಇದ್ದವು, ಪಂಚಮಿಯಿಂದಲೂ ಇದ್ದವು. ಆದರೆ ಅವನು, ಎರಡಕ್ಕೂ, ಎಂದ. ಅಂದ ಕೂಡಲೇ ಅದು ತಪ್ಪು ಉತ್ತರವೆಂದು ತಿಳಿಯಿತು, ಯಾಕೆ ತಪ್ಪೆಂದು ತಿಳಿಯಲಿಲ್ಲ.

"ಹೈದರಾಬಾದ್ ದವಾಖಾನ್ಯಾಗ ರಿಪೋರ್ಟ್ ಕೈಗೆ ಬಂದಾಗೂ ಇದ ಮಾತು ಅಂದಿದ್ರಿ," ಎಂದಳು ಅವಳು, ದನಿ ಏರಿಸದೆ. "ಕಾರಣ ಸಿಕ್ತು ಅಂತ. ಹಿಂಗ ನಕ್ಕೊಂತ."

ಅವನಿಗೆ ಆ ವರಾಂಡ ನೆನಪಿತ್ತು, ಫಿನಾಯಿಲಿನ ವಾಸನೆ ನೆನಪಿತ್ತು, ಅವನ ಪರೀಕ್ಷೆಗಳೆಲ್ಲ ಸರಿಯಿದ್ದು ಅವಳ ಗರ್ಭನಾಳಗಳು ಮುಚ್ಚಿವೆಯೆಂದು ಬರೆದಿದ್ದ ಹಾಳೆಯ ಮೇಲಿನ ಮೊಹರು ಕೂಡ ನೆನಪಿತ್ತು. ಮಕ್ಕಳೇಕೆ ಆಗುತ್ತಿಲ್ಲವೆಂದು ಆರು ವರ್ಷ ಇಬ್ಬರೂ ಕತ್ತಲಲ್ಲಿ ತಡಕಾಡಿದ ಮೇಲೆ ಒಂದು ಉತ್ತರ ಸಿಕ್ಕಿತ್ತು. ತಾನು ನಕ್ಕದ್ದು ಮಾತ್ರ ನೆನಪಿರಲಿಲ್ಲ. ಅವಳು ಹೇಳಿದ ಮೇಲೆ ಈಗ ಆ ನಗು ಎಲ್ಲಿಂದಲೋ ಬಂದು ಅವನ ಮುಖದ ಮೇಲೆ ಕೂತಿತು, ಕಿತ್ತರೂ ಬಾರದಂತೆ. ಕ್ಯಾಂಟೀನಿನಲ್ಲಿ ಅವಳು ಆ ದಿನ ಚಹಾದ ಕಪ್ಪನ್ನು ತುಟಿಗೆ ತಾಗಿಸಿ ಹಾಗೇ ಇಟ್ಟಿದ್ದಳು. ಸಕ್ಕರೆ ಕಡಿಮೆಯಾಗಿದೆಯೇ ಎಂದು ಅವನು ವಿಚಾರಿಸಿದ್ದ.

ಅವಳು ಕಟ್ಟೆಯ ಮೇಲೆ ಕೂತು ಬ್ಯಾಗು ತೆರೆದಳು. ಒಂದೊಂದಾಗಿ ತೆಗೆದು ಅವನ ಪಕ್ಕದಲ್ಲಿ ಇಟ್ಟಳು. ಅವನ ಎರಡನೇ ಜೊತೆ ಕನ್ನಡಕ. ಬಿ.ಪಿ. ಮಾತ್ರೆಯ ಹಾಳೆ. ಹೊಟ್ಟೆಯುರಿಗೆ ಅವನು ಕುಡಿಯುವ ಗುಲಾಬಿ ಬಣ್ಣದ ಔಷಧಿಯ ಸೀಸೆ. ಕಾರಿನ ಗಾಜು ಒರೆಸುವ ಬಟ್ಟೆ. ಅವನಿಗೆ ಹೊರಗಿನ ನೀರು ಆಗದೆಂದು ಹೊತ್ತು ತಿರುಗುವ ಸ್ಟೀಲಿನ ತುಂಬಿದ ಬಾಟಲಿ. ಅವನ ಮಫ್ಲರು. ತೆಗೆದಂತೆಲ್ಲ ಬ್ಯಾಗು ಕುಸಿಯುತ್ತ ಬಂತು. ಕೊನೆಗೆ ಅದರೊಳಗೆ ಅವಳದೆಂದು ಉಳಿದದ್ದು ಒಂದು ಬಾಚಣಿಗೆ, ಒಂದು ಕರವಸ್ತ್ರ.

"ಬ್ಯಾಗು ಕಾಲಾಗ ಇಡಬ್ಯಾಡ, ಗೇರಿಗೆ ತಾಕ್ತದ ಅಂದವರು ನೀವು. ಮೊದಲನೇ ದಿನ," ಎಂದಳು. "ಎಲ್ಲಿ ಇಡಬೇಕು ಅಂತ ಹೇಳಲಿಲ್ಲ."

ಅವನು, ಹಾಗಲ್ಲ, ಎಂದು ಶುರುಮಾಡಿದ. ತಾನು ಬಸ್ಸಿಗೆ ಬಂದಿದ್ದರೂ ಆಗುತ್ತಿತ್ತೇ ಎಂದು ಕೇಳಬೇಕೆನ್ನಿಸಿತು. ಅದಕ್ಕೆ ಉತ್ತರ ಸೀರೆಯ ಮಡಿಕೆಯ ಗೆರೆಗಳಲ್ಲೇ ಇತ್ತು; ಇಷ್ಟು ದಿನ ಪೆಟ್ಟಿಗೆಯಲ್ಲಿ ಮೇಲುಗಡೆಯೇ, ಕೈಗೆ ಸಿಗುವಂತೆ ಇಟ್ಟ ಸೀರೆ. ನಡಿ ಹೋಗೋಣ, ಎಂದ ಕೊನೆಗೆ. ಅದು ಗೊತ್ತಿಲ್ಲದ ಯಾರದೋ ದನಿಯಂತೆ ಕೇಳಿತು. ಜಯಮಾಲಾ ಎದ್ದಳು. ಒಂದು ಗಳಿಗೆ ಅವಳು ಬರುತ್ತಾಳೆಂದೇ ಅವನಿಗೆ, ಬಕ್ಕಪ್ಪನಿಗೆ, ವಿದ್ಯಾವತಿಗೆ ಅನ್ನಿಸಿತು. ತಟ್ಟೆ ಒಂದು ಹೆಜ್ಜೆ ಮುಂದೆ ಬಂತು.

"ನಾ ಇಲ್ದ ಗಾಡಿ ಚೊಲೊ ನಡೀಲಾಕತ್ತದ ಅಂದ್ರ, ನಡೀಲಿ ಬಿಡ್ರಿ," ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ವಿದ್ಯಾವತಿಯ ಕೈಯಿಂದ ತಟ್ಟೆಯನ್ನು ತಾನೇ ತೆಗೆದುಕೊಂಡು ಒಳಗೆ ಹೋದಳು. ಅಕ್ಕಿಯನ್ನು ಡಬ್ಬಿಗೆ ಮರಳಿ ಸುರಿದ ಸದ್ದು ಹೊರಗೆ ಕೇಳಿತು.

ಬಕ್ಕಪ್ಪ ಕಾರಿನವರೆಗೂ ಬಂದ. ಸಾಮಾನನ್ನೆಲ್ಲ ಒಂದು ಟವೆಲ್ಲಿನಲ್ಲಿ ಕಟ್ಟಿ ಪಕ್ಕದ ಸೀಟಿನ ಮೇಲೆ ಇಟ್ಟ. ಊಟ ಮಾಡಿ ಹೋಗ್ರಿ ಎಂದು ಹೇಳಿದ, ಆದರೆ ಬಾಗಿಲನ್ನು ಅವನೇ ಹಾಕಿದ. ಗಾಡಿ ಒಂದೇ ಸಲಕ್ಕೆ ಚಾಲೂ ಆಯಿತು, ಸದ್ದಿಲ್ಲದೆ ಹೊರಟಿತು. ಕ್ರಾಸಿನ ಚಹಾದಂಗಡಿಯಲ್ಲಿ ಯಾರೂ ತಲೆಯೆತ್ತಿ ನೋಡಲಿಲ್ಲ. ನೂಕಿಸಿಕೊಳ್ಳದ ಗಾಡಿಯನ್ನು ಯಾರು ಯಾಕೆ ನೋಡುತ್ತಾರೆ. ಮೂಸಿ ನೋಡಿ ತಿದ್ದಿಕೊಳ್ಳುವ ಆ ಸಣ್ಣ ಸೆನ್ಸರಿನ ಬಗ್ಗೆ ಅವನು ಎರಡನೇ ವರ್ಷದ ಹುಡುಗರಿಗೆ ಒಂದು ಪೂರ್ತಿ ತಾಸು ಪಾಠ ಮಾಡಿದ್ದ. ಹುಡುಗರು ಚೆನ್ನಾಗಿ ಅರ್ಥವಾಯಿತು ಎಂದಿದ್ದ ಪಾಠ. ರಸ್ತೆ ಬಿಸಿಲಿಗೆ ನೀರಿನಂತೆ ಕದಡತೊಡಗಿದಾಗ, ಅದು ಬಿಸಿಲಿನಿಂದಲ್ಲ ಎಂದು ಗೊತ್ತಾಗಿ, ಎಡಕ್ಕೆ ಕಂಡ ಪೆಟ್ರೋಲ್ ಬಂಕಿನ ನೆರಳಿಗೆ ಗಾಡಿ ತಿರುಗಿಸಿ ನಿಲ್ಲಿಸಿದ.

ಅವನು ನಿಂತದ್ದು ಹೊಗೆ ತಪಾಸಣೆಯ ಗೂಡಿನ ಮುಂದೆ. ಅದನ್ನು ನಡೆಸುವ ಆಮ್ರಪಾಲಿ ಎಂಬ ಹೆಂಗಸು ಗಿರಾಕಿ ಬಂದನೆಂದು ಹೊರಗೆ ಬಂದಳು, ನಂಬರ್ ನೋಡಿ, ನಿಮ್ಮ ಸರ್ಟಿಫಿಕೇಟ್ ತಾರೀಕು ಮುಗಿದದ ಸರ್, ಚೆಕ್ ಮಾಡ್ಲೇನ್ರಿ ಎಂದಳು. ಬೇಡವೆನ್ನಲು ಮಾತಾಡಬೇಕಾಗುತ್ತಿತ್ತು. ತಲೆಯಾಡಿಸಿದ. ಅವಳು ಉದ್ದನೆಯ ನಳಿಗೆಯನ್ನು ಹೊಗೆಕೊಳವೆಯೊಳಗೆ ತೂರಿಸಿ, ಇಂಜಿನ್ ಹಾಗೇ ಓಡಲೆಂದು ಹೇಳಿ, ಗೂಡಿನ ಪರದೆಯ ಮುಂದೆ ಕೂತಳು. ಹೋದ ಸಲ ಮೊದಲನೇ ಚೆಕ್ಕಿಗೆ ಫೇಲಾಗಿತ್ತು, ಮೂರರೊಳಗ ಇರಬೇಕಾದದ್ದು ನಾಲ್ಕು ದಾಟಿತ್ತು, ಅಮ್ಮಾರು ಜೊತೀಗಿದ್ರು, ಎಂದು ಅವಳೇ ನೆನಪಿಸಿದಳು. ಅಂಕಿ ನಿಂತ ಮೇಲೆ ಅದನ್ನು ಎರಡು ಸಲ ನೋಡಿ, ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳಿದಳು.

"ಭಾಳ ಚೊಲೊ ಬಂದದ್ರಿ ಸರ್. ಏನ್ ತೆಗಿಸಿದ್ರಿ?"

ಶಂಕರಲಿಂಗ ಪರದೆಯ ಕಡೆ ನೋಡಿದ. ಕಾರ್ಬನ್ ಮೋನಾಕ್ಸೈಡ್, ಶೇಕಡಾ ೦.೬೨.